ಒಂದೆರಡು ಗೆಲುವಿನ ಲೆಕ್ಕ

(ಬೇಸ್‌ಬಾಲ್ ಸೀಸನ್ ಶುರುವಾಗುವ ಮುಂಚೆ, ಸಿಯಾಟಲ್ ಸುತ್ತಮುತ್ತಲ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೆಲವರು ನಮ್ಮ ಸಿಯಾಟಲ್ ತಂಡ ಮ್ಯಾರಿನರ್ಸ್‌ನ ಟೋಪಿ ಹಾಕಿಕೊಂಡೇ ಬಂದಿದ್ದೀರಿ. ಇನ್ನು ಕೆಲವರಿಗೆ ಮಕ್ಕಳ ದೆಸೆಯಿಂದ ಬೇಸ್‌ಬಾಲ್ ಅಷ್ಟೋ ಇಷ್ಟೋ ಗೊತ್ತು. ಹಾಗಾಗಿ ಆಟದ ನಿಯಮಗಳನ್ನು ಹೇಳುತ್ತಾ ಕೂರುವುದಿಲ್ಲ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಒಂದು ಕೋಪದ ಬಗ್ಗೆ. ಪ್ರತಿ ವರ್ಷ ಜುಲೈ ಕೊನೆಯ ವಾರ ಈ ಊರಿನ ಅಭಿಮಾನಿಗಳಿಗೆ ಬರುವ ಕೋಪ. ಅಭಿಮಾನಿಗಳಿಗೆ ತಾಳ್ಮೆ ಇಲ್ಲ, ಅವರಿಗೇನು ಗೊತ್ತು ತಂಡ ನಡೆಸುವ ಕಷ್ಟ ಅಂತ ಅದನ್ನು ತಳ್ಳಿಹಾಕುವವರು ಬಹಳ ಜನ. ನನಗೆ ಹಾಗನ್ನಿಸುವುದಿಲ್ಲ. ಆ ಕೋಪದ ಹಿಂದೆ ಒಂದು ಲೆಕ್ಕ ಇದೆ, ಆ ಲೆಕ್ಕ ಸರಿಯಾಗಿಯೇ ಇದೆ.

ಮೊದಲು ಆ ಕೋಪಕ್ಕೆ ಕಾರಣವಾಗುವ ಡೆಡ್‌ಲೈನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮೇಜರ್ ಲೀಗ್‌ನಲ್ಲಿ 30 ತಂಡ. ಒಂದೊಂದಕ್ಕೂ 162 ಪಂದ್ಯ. ಜುಲೈ ಕೊನೆಗೆ, ಕೆಲವು ವರ್ಷ ಆಗಸ್ಟ್‌ನ ಮೊದಲ ದಿನಗಳಲ್ಲಿ, ಟ್ರೇಡ್ ಡೆಡ್‌ಲೈನ್ ಬರುತ್ತದೆ. ಅಲ್ಲಿಯವರೆಗೆ ತಂಡಗಳು ಆಟಗಾರರನ್ನು ಕೊಟ್ಟು ತೆಗೆದುಕೊಳ್ಳಬಹುದು. ಮೊದಲು ಡೆಡ್‌ಲೈನ್ ಮುಗಿದ ಮೇಲೆ ಆಗಸ್ಟ್‌ನಲ್ಲೂ ಒಂದು ಕಿಂಡಿ ಇತ್ತು, 2019ರಿಂದ ಅದನ್ನೂ ಮುಚ್ಚಿದರು. ಈಚಿನ ವರ್ಷಗಳಲ್ಲಿ ನಮ್ಮ ಸಿಯಾಟಲ್ ಟೈಮ್ ಪ್ರಕಾರ ಮಧ್ಯಾಹ್ನ ಮೂರಕ್ಕೆ ಬಾಗಿಲು ಬೀಳುತ್ತದೆ. ಆಫೀಸಿನ ಮೀಟಿಂಗ್‌ನಲ್ಲಿ ಕೂತು ಮೇಜಿನ ಕೆಳಗೆ ಫೋನ್ ನೋಡಿದವರು ಇಲ್ಲಿ ನಾನೊಬ್ಬನೇ ಅಲ್ಲ, ಅಲ್ವಾ?

ಸೋಲುತ್ತಿರುವ ತಂಡ ತನ್ನ ಒಳ್ಳೆ ಆಟಗಾರನನ್ನು ಕೊಡುತ್ತದೆ. ಗೆಲ್ಲುವ ಆಸೆ ಇರುವ ತಂಡ ಅದಕ್ಕೆ ಬದಲಾಗಿ ಮೈನರ್ ಲೀಗ್‌ನಲ್ಲಿ ಬೆಳೆಯುತ್ತಿರುವ ಹುಡುಗರನ್ನು ಕೊಡುತ್ತದೆ. ಪ್ರಾಸ್ಪೆಕ್ಟ್ ಅನ್ನುತ್ತಾರಲ್ಲ, ಅವರು. ಅಂಥ ಹುಡುಗ ಮೇಜರ್ ಲೀಗ್‌ಗೆ ಬಂದ ಮೇಲೆ ಸುಮಾರು ಆರು ವರ್ಷ ತಂಡದ ಕೈಯಲ್ಲೇ ಇರುತ್ತಾನೆ, ಅದರಲ್ಲೂ ಮೊದಲ ವರ್ಷಗಳಲ್ಲಿ ಬಹಳ ಕಡಿಮೆ ಸಂಬಳಕ್ಕೆ. ಅದಕ್ಕೇ ಮ್ಯಾನೇಜ್‌ಮೆಂಟಿಗೆ ಆ ಹುಡುಗರೆಂದರೆ ಜೀವ.

ನಮ್ಮ ಆರ್‌ಸಿಬಿ ಅಭಿಮಾನಿಗಳಿಗೂ ಇಲ್ಲಿನವರಿಗೂ ಒಂದು ವ್ಯತ್ಯಾಸ ಇರುವುದು ಇಲ್ಲೇ. ಹರಾಜಿನಲ್ಲಿ ತಂಡ ಸರಿಯಾಗಿ ಕಟ್ಟಲಿಲ್ಲ ಅಂದರೆ ಬೈದುಕೊಂಡು ಅದೇ ತಂಡವನ್ನು ಕೊನೆತನಕ ನೋಡುತ್ತೇವೆ. 2025ರಲ್ಲಿ ಪಡಿಕ್ಕಲ್‌ಗೆ ಗಾಯವಾಗಿದ್ದಕ್ಕೆ ಮಯಾಂಕ್ ಅಗರ್‌ವಾಲ್ ಬಂದರು, ಫೈನಲ್‌ನಲ್ಲೂ ಆಡಿದರು. ಆದರೆ ಅದು ಗಾಯಕ್ಕೆ ಬದಲಿ. ಇಲ್ಲಿ ಹಾಗಲ್ಲ. ತಂಡದಲ್ಲಿ ಎಲ್ಲಿ ತೂತು ಬಿದ್ದಿದೆ ಅಂತ ನಾಲ್ಕು ತಿಂಗಳು ನೋಡಿದ ಮೇಲೆ ಅದನ್ನು ಮುಚ್ಚಲು ಲೀಗೇ ಒಂದು ಅವಕಾಶ ಕೊಡುತ್ತದೆ. ಕೊಟ್ಟ ಮೇಲೂ ಕೈ ಕಟ್ಟಿ ಕೂತರೆ ಕೋಪ ಬರದೆ ಇರುತ್ತದಾ?

ಈಗ ಮ್ಯಾರಿನರ್ಸ್ ವಿಷಯಕ್ಕೆ. 1977ರಲ್ಲಿ ಹುಟ್ಟಿದ ತಂಡ. 30 ತಂಡಗಳಲ್ಲಿ ಒಮ್ಮೆಯೂ ವರ್ಲ್ಡ್ ಸೀರೀಸ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ, ಮುಟ್ಟದಿರುವುದು ಇದೊಂದೇ. 2001ರಲ್ಲಿ 116 ಪಂದ್ಯ ಗೆದ್ದಿತು. 1906ರ ಚಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಆ ಜುಲೈನಲ್ಲೂ ದೊಡ್ಡ ಟ್ರೇಡ್ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಐದೇ ಪಂದ್ಯದಲ್ಲಿ ಕತೆ ಮುಗಿಯಿತು. ಅಲ್ಲಿಂದ 2022ರವರೆಗೆ ಪ್ಲೇಆಫ್ ಮುಖ ನೋಡಲಿಲ್ಲ. ಇಲ್ಲಿ ಹುಟ್ಟಿದ ಮಗು ಕಾಲೇಜಿಗೆ ಹೋಗುವಷ್ಟು ಕಾಲ.

ಈ ತಂಡ ಯಾಕೆ ಇಷ್ಟು ಹಿಂದೇಟು ಹಾಕುತ್ತದೆ ಅಂತ ಕೇಳಿದರೆ, ಹಳಬರು 1997ರ ಜುಲೈ 31ನ್ನು ನೆನಪಿಸುತ್ತಾರೆ. ಅವತ್ತು ಕೊನೆ ಇನಿಂಗ್ಸ್‌ಗೆ ಒಬ್ಬ ಪಿಚರ್, ಅಂದರೆ ಚೆಂಡು ಎಸೆಯುವವನು, ಬೇಕು ಅಂತ ಬಾಸ್ಟನ್‌ನಿಂದ ಹೀತ್‌ಕ್ಲಿಫ್ ಸ್ಲೋಕಮ್‌ನನ್ನು ತಂದರು. ಕೊಟ್ಟಿದ್ದು ಇಬ್ಬರು ಹುಡುಗರನ್ನು, ಜೇಸನ್ ವ್ಯಾರಿಟೆಕ್ ಮತ್ತು ಡೆರೆಕ್ ಲೋ. ಸ್ಲೋಕಮ್‌ನಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆ ಇಬ್ಬರು ಹುಡುಗರು 2004ರಲ್ಲಿ ಬಾಸ್ಟನ್‌ಗೆ 86 ವರ್ಷದ ಮೇಲೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಒಬ್ಬ ಕ್ಯಾಚರ್, ಇನ್ನೊಬ್ಬ ಪಿಚರ್. ಇಂಥದ್ದನ್ನು ಯಾರು ಮರೆಯುತ್ತಾರೆ? ಪ್ರಾಸ್ಪೆಕ್ಟ್ ಕೊಡುವ ಮಾತು ಬಂದಾಗಲೆಲ್ಲ ಇಲ್ಲಿ ಆ ಟ್ರೇಡ್ ಎದ್ದು ಕೂರುತ್ತದೆ.

ಆದರೆ ಅದಕ್ಕೆ ಎರಡು ವರ್ಷ ಮುಂಚೆ ಇದೇ ತಂಡ ಇದೇ ಜುಲೈ 31ರಂದು ಏನು ಮಾಡಿತ್ತು ಅನ್ನುವುದನ್ನು ಅಷ್ಟೇ ಜೋರಾಗಿ ಯಾರೂ ಹೇಳುವುದಿಲ್ಲ. 1995. ಹಿಂದಿನ ವರ್ಷದ ಮುಷ್ಕರದಿಂದಾಗಿ ಆ ಸೀಸನ್ 144 ಪಂದ್ಯಕ್ಕೆ ಇಳಿದಿತ್ತು. ತಂಡದ ದೊಡ್ಡ ಆಟಗಾರ ಕೆನ್ ಗ್ರಿಫಿ ಜೂನಿಯರ್ ಮಣಿಕಟ್ಟು ಮುರಿದುಕೊಂಡು ಹೊರಗೆ ಕೂತಿದ್ದ. ಆಗಸ್ಟ್ ಶುರುವಿನಲ್ಲಿ ತಮ್ಮದೇ ಡಿವಿಷನ್ನಿನ, ಅಂದರೆ ಲೀಗಿನೊಳಗಿನ ಗುಂಪಿನ, ಏಂಜಲ್ಸ್ ತಂಡಕ್ಕಿಂತ 13 ಪಂದ್ಯ ಹಿಂದೆ. ಇವತ್ತಿನ ಲೆಕ್ಕಾಚಾರದ ಪ್ರಕಾರ ನೋಡಿದರೆ ಕೈಬಿಡಬೇಕಾದ ಸೀಸನ್. ಅಂಥ ಹೊತ್ತಿನಲ್ಲಿ ಸ್ಯಾನ್ ಡಿಯಾಗೊದಿಂದ ಆಂಡಿ ಬೆನೆಸ್ ಅನ್ನುವ ಪಿಚರ್‌ನನ್ನು ತಂದರು. ಬದಲಿಗೆ ಮಾರ್ಕ್ ನ್ಯೂಫೀಲ್ಡ್ ಮತ್ತು ರಾನ್ ವಿಲೋನ್ ಹೋದರು. ನ್ಯೂಫೀಲ್ಡ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆರಿಸಿದ ಹುಡುಗ, ಬಹಳ ಆಸೆ ಇಟ್ಟುಕೊಂಡಿದ್ದವನು.

ಬೆನೆಸ್ ಅದ್ಭುತವಾಗಿ ಎಸೆದನಾ? ಇಲ್ಲ. ರನ್ ಜಾಸ್ತಿಯೇ ಕೊಟ್ಟ. ಆದರೂ ಅವನ ಹೆಸರಿನಲ್ಲಿ ಏಳು ಗೆಲುವು, ಎರಡು ಸೋಲು. ಸೀಸನ್ ಮುಗಿದಾಗ ಸಿಯಾಟಲ್ ಮತ್ತು ಏಂಜಲ್ಸ್ ಸಮಸಮ, ಇಬ್ಬರದೂ 78 ಗೆಲುವು. ಒಂದು ಹೆಚ್ಚುವರಿ ಪಂದ್ಯ ಆಡಿಸಿ ತೀರ್ಮಾನ ಮಾಡಬೇಕಾಯಿತು. ಅಂದರೆ ಆ ಎರಡು ತಿಂಗಳಲ್ಲಿ ಒಂದೇ ಒಂದು ಗೆಲುವು ಕಡಿಮೆ ಬಿದ್ದಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ಬೀಳಲಿಲ್ಲ. ಆ ಹೆಚ್ಚುವರಿ ಪಂದ್ಯ ಗೆದ್ದರು, ಆಮೇಲೆ ಯಾಂಕೀಸ್ ವಿರುದ್ಧ ಎಡ್ಗರ್ ಮಾರ್ಟಿನೆಸ್‌ನ ಆ ಡಬಲ್ (ಎರಡನೇ ಬೇಸ್‌ವರೆಗೆ ಓಡಿಸಿದ ಹೊಡೆತ), ಮೊದಲನೇ ಬೇಸ್‌ನಿಂದ ಓಡಿ ಬಂದು ಜಾರಿದ ಗ್ರಿಫಿ. ಅದರ ಹಿಂದಿನ ತಿಂಗಳು ಕಿಂಗ್ ಕೌಂಟಿಯ ಮತದಾರರು ಹೊಸ ಸ್ಟೇಡಿಯಂಗೆ ತೆರಿಗೆ ಬೇಡ ಅಂದಿದ್ದರು. ಈ ಗೆಲುವಿನ ಅಲೆಯಲ್ಲಿ ಅಕ್ಟೋಬರ್‌ನಲ್ಲಿ ರಾಜ್ಯದ ಶಾಸನಸಭೆ ಹಣದ ದಾರಿ ಮಾಡಿಕೊಟ್ಟಿತು. ಇವತ್ತು ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಸ್ಟೇಡಿಯಂ ಎದ್ದದ್ದು ಹಾಗೆ. ನ್ಯೂಫೀಲ್ಡ್ ದೊಡ್ಡ ಆಟಗಾರ ಆಗಲೇ ಇಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಕೊಟ್ಟು ಕಳೆದುಕೊಂಡ ಹುಡುಗನಿಗೆ ಒಂದು ಹೆಸರಿರುತ್ತದೆ. ಹತ್ತು ವರ್ಷ ಆದ ಮೇಲೂ ಟಿವಿಯಲ್ಲಿ ಕಾಣುತ್ತಾನೆ, ಹೊಟ್ಟೆ ಉರಿಸುತ್ತಾನೆ. ಕೊಡದೆ ಕೂತಿದ್ದರಿಂದ ಕೈತಪ್ಪಿದ ವರ್ಷ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಅದನ್ನು ಬರೆದಿಟ್ಟುಕೊಳ್ಳುವವರು ಅಭಿಮಾನಿಗಳು ಮಾತ್ರ.

ಈಗ 2021ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಈ ಊರಿನ ಗಾಯ ಇರುವುದು ಇಲ್ಲೇ.

ಜುಲೈ 26. ಹ್ಯೂಸ್ಟನ್ ವಿರುದ್ಧ ನಮ್ಮವರು 7-0 ಹಿಂದೆ. ಅಲ್ಲಿಂದ ಎದ್ದು ಬಂದು, ಡಿಲನ್ ಮೂರ್ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್‌ನಿಂದ, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಹೋಂ ರನ್‌ನಿಂದ, 11-8 ಗೆದ್ದರು. ಆ ರಾತ್ರಿ ತಂಡಕ್ಕೂ ಊರಿಗೂ ಏನೋ ನಡೆಯುತ್ತಿದೆ ಅನ್ನಿಸಿತ್ತು. ಮಾರನೇ ದಿನ ಮಧ್ಯಾಹ್ನ ಸುದ್ದಿ ಬಂತು. ತಂಡದ ಕ್ಲೋಸರ್, ಅಂದರೆ ಕೊನೆ ಇನಿಂಗ್ಸ್ ಎಸೆದು ಗೆಲುವು ಉಳಿಸುವ ಪಿಚರ್, ಕೆಂಡಲ್ ಗ್ರೇವ್‌ಮನ್‌ನನ್ನು ಹ್ಯೂಸ್ಟನ್‌ಗೇ ಕೊಟ್ಟುಬಿಟ್ಟರು. ಅದೇ ಹ್ಯೂಸ್ಟನ್. ಅದೇ ಸ್ಟೇಡಿಯಂನಲ್ಲಿ ಇನ್ನೊಂದು ಡ್ರೆಸಿಂಗ್ ರೂಮಿನಲ್ಲಿ ಬಟ್ಟೆ ಬದಲಾಯಿಸುತ್ತಿದ್ದ ತಂಡ. ಆ ಸೀಸನ್‌ನಲ್ಲಿ ಗ್ರೇವ್‌ಮನ್‌ನ ಇಆರ್‌ಎ 0.82. ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಹೇಳುವುದಾದರೆ, ಒಂಬತ್ತು ಇನಿಂಗ್ಸ್ ಎಸೆದರೆ ಒಂದು ರನ್ ಕೂಡ ಪೂರ್ತಿ ಕೊಡುವುದಿಲ್ಲ ಅಂತ. ಬದಲಿಗೆ ಬಂದ ಏಬ್ರಹಾಂ ಟೋರೊ ಒಳ್ಳೆಯ ಹುಡುಗ, ಅವತ್ತೇ ರಾತ್ರಿ ನಮ್ಮ ಜೆರ್ಸಿಯಲ್ಲಿ ಹೋಂ ರನ್ನನ್ನೂ ಹೊಡೆದ. ಆದರೆ ಆಟಗಾರರ ಸಿಟ್ಟು ಆ ದಿನ ಪತ್ರಿಕೆಯವರೆಗೂ ಹೋಯಿತು. ನಾವು ಗೆಲ್ಲುತ್ತೇವೆ ಅಂತ ಮೇಲಿನವರಿಗೆ ನಂಬಿಕೆಯೇ ಇಲ್ಲವಾ ಅನ್ನುವ ಸಿಟ್ಟು ಅದು.

ಆಮೇಲೆ ಏನೂ ತರಲಿಲ್ಲ ಅಂತಲ್ಲ. ಡಿಯಾಗೊ ಕಸ್ಟಿಯೊ, ಟೈಲರ್ ಆಂಡರ್ಸನ್ ಅನ್ನುವ ಪಿಚರ್‌ಗಳು ಬಂದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಂದು, ಮೀನಮೇಷ ಎಣಿಸಿ ಮಧ್ಯದಲ್ಲೇ ನಿಂತರು. ಕೊನೆಗೆ 90 ಗೆಲುವು. ಪ್ಲೇಆಫ್‌ಗೆ ಹೋದ ಬಾಸ್ಟನ್, ನ್ಯೂಯಾರ್ಕ್ ತಂಡಗಳದು 92. ಎರಡು ಪಂದ್ಯ.

ಆ ವರ್ಷದ ಕೊನೆ ದಿನ, ಅಕ್ಟೋಬರ್ 3, ಮೂರನೇ ಬೇಸ್ ಕಾಯುತ್ತಿದ್ದ ಕೈಲ್ ಸೀಗರ್‌ನನ್ನು ಒಂಬತ್ತನೇ ಇನಿಂಗ್ಸ್‌ನಲ್ಲಿ ಮೈದಾನದಿಂದ ಹೊರಗೆ ಕರೆದರು. ಜನ ಎದ್ದು ನಿಂತರು. ತಂಡದವರೆಲ್ಲ ಮೂರನೇ ಬೇಸ್ ಹತ್ತಿರ ಹೋಗಿ ತಬ್ಬಿಕೊಂಡರು, ಅವನು ಅಳುತ್ತಿದ್ದ. 11 ಸೀಸನ್, ಎಲ್ಲವೂ ಸಿಯಾಟಲ್‌ಗೇ. ಆ ಚಳಿಗಾಲದಲ್ಲಿ ನಿವೃತ್ತಿ ಹೇಳಿದ. ಒಂದೂ ಪ್ಲೇಆಫ್ ಪಂದ್ಯ ಆಡಲಿಲ್ಲ. ಅವನಿಗಿಂತ ಮುಂಚೆ ಪಿಚರ್ ಫೆಲಿಕ್ಸ್ ಹೆರ್ನಾಂಡೆಸ್. 2005ರಿಂದ 2019ರವರೆಗೆ 15 ಸೀಸನ್, 2012ರಲ್ಲಿ ಒಂದು ಪರ್ಫೆಕ್ಟ್ ಗೇಮ್ (ಎದುರಾಳಿಗಳಲ್ಲಿ ಒಬ್ಬನೂ ಬೇಸ್ ಮುಟ್ಟದ ಪಂದ್ಯ), ಎಡಗಡೆ ಮೂಲೆಯಲ್ಲಿ ಹಳದಿ ಅಂಗಿ ತೊಟ್ಟು ಕೂಗುತ್ತಿದ್ದ ಅವನ ಅಭಿಮಾನಿಗಳ ದಂಡು. ಅವನೂ ಒಂದೂ ಪ್ಲೇಆಫ್ ಪಂದ್ಯದಲ್ಲಿ ಎಸೆಯಲಿಲ್ಲ. ಇನ್ನು ಸ್ವಲ್ಪ ದಿನ ತಾಳಿ ಅಂತ ಅಭಿಮಾನಿಗಳಿಗೆ ಹೇಳುವಾಗ, ಇವರಿಬ್ಬರೂ ತಾಳಿದ್ದರು ಅನ್ನುವುದು ನೆನಪಿರಬೇಕು.

ಅದೇ 2021ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದು ಯಾರು? ಅಟ್ಲಾಂಟಾ. ಎಷ್ಟು ಗೆಲುವಿನಿಂದ? 88. ನಮಗಿಂತ ಎರಡು ಕಡಿಮೆ. ಬೇರೆ ಲೀಗು, ಬೇರೆ ಡಿವಿಷನ್ನು, ಒಪ್ಪಿಕೊಂಡೆ. ಆದರೆ ಅವರು ಜುಲೈನಲ್ಲಿ ಮಾಡಿದ್ದನ್ನು ನೋಡಿ. ಅವರ ದೊಡ್ಡ ಆಟಗಾರ ರೊನಾಲ್ಡ್ ಅಕುನ್ಯಾಗೆ ಮೊಣಕಾಲು ಹೋಗಿತ್ತು. ಆಗಸ್ಟ್ 6ರವರೆಗೆ ಆ ಸೀಸನ್‌ನಲ್ಲಿ ಒಮ್ಮೆಯೂ ಅವರ ಗೆಲುವು ಸೋಲನ್ನು ದಾಟಿರಲಿಲ್ಲ. ಕೈಚೆಲ್ಲಲು ಎಲ್ಲ ನೆಪವೂ ಇತ್ತು. ಅವರು ನಾಲ್ಕು ಔಟ್‌ಫೀಲ್ಡರ್‌ಗಳನ್ನು ತಂದರು. ಪೀಡರ್ಸನ್, ಡುವಾಲ್, ಸೋಲೇರ್, ರೊಸಾರಿಯೊ. ಯಾರಿಗೂ ದೊಡ್ಡ ಪ್ರಾಸ್ಪೆಕ್ಟ್ ಕೊಡಲಿಲ್ಲ. ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ ರೊಸಾರಿಯೊ. ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಸೋಲೇರ್. ಆ ಸೀರೀಸ್‌ನಲ್ಲಿ ಅವರು ಸೋಲಿಸಿದ್ದು ಹ್ಯೂಸ್ಟನ್‌ನನ್ನು. ಹ್ಯೂಸ್ಟನ್ ಪರ ಎಸೆಯುತ್ತಿದ್ದವರಲ್ಲಿ ಗ್ರೇವ್‌ಮನ್ ಒಬ್ಬ.

ಮ್ಯಾನೇಜ್‌ಮೆಂಟ್ ಕಡೆಯ ಲೆಕ್ಕವನ್ನೂ ನ್ಯಾಯವಾಗಿ ಹೇಳಬೇಕು. ಒಂದು ಸೀಸನ್‌ಗೆ ಐದು ಗೆಲುವು ಹೆಚ್ಚಿಸುವವನು ಅಂದರೆ ಬಹಳ ದೊಡ್ಡ ಆಟಗಾರ. ಡೆಡ್‌ಲೈನ್ ಆದ ಮೇಲೆ ಉಳಿಯುವುದು ಸೀಸನ್ನಿನ ಮೂರನೇ ಒಂದು ಭಾಗ. ಹಾಗಾದರೆ ಅವನಿಂದ ಸಿಗುವುದು ಒಂದೂವರೆ, ಹೆಚ್ಚೆಂದರೆ ಎರಡು ಗೆಲುವು. ಒಪ್ಪಂದ ಅದೇ ವರ್ಷ ಮುಗಿಯುವ ಬಾಡಿಗೆ ಆಟಗಾರನಾದರೆ ನವೆಂಬರ್‌ಗೆ ಅವನೂ ಇಲ್ಲ. ಒಂದೆರಡು ಗೆಲುವಿಗೆ ಆರು ವರ್ಷದ ಹುಡುಗನನ್ನು ಯಾಕೆ ಕೊಡಬೇಕು? ಕಾಗದದ ಮೇಲೆ ಇದು ಸರಿಯಾದ ಪ್ರಶ್ನೆ.

ಈಗ ಸಿಯಾಟಲ್‌ನ ಲೆಕ್ಕ ಕೇಳಿ. 2021ರಲ್ಲಿ ಎರಡು ಪಂದ್ಯದಿಂದ ತಪ್ಪಿತು. 2023ರಲ್ಲಿ ಒಂದು ಪಂದ್ಯದಿಂದ. 2024ರಲ್ಲಿ ಒಂದು ಪಂದ್ಯದಿಂದ. ನಾಲ್ಕು ವರ್ಷದಲ್ಲಿ ಮೂರು ಸಲ, ಒಟ್ಟು ನಾಲ್ಕು ಗೆಲುವು ಸಾಲದೆ ಮನೆಗೆ ಹೋದರು. ಒಂದೆರಡು ಗೆಲುವಿಗೆ ಬೆಲೆ ಇಲ್ಲ ಅನ್ನುವ ಮಾತು 110 ಗೆಲ್ಲುವ ತಂಡಕ್ಕೂ ಸರಿ, 60 ಗೆಲ್ಲುವ ತಂಡಕ್ಕೂ ಸರಿ. 88 ಗೆಲ್ಲುವ ತಂಡಕ್ಕೆ ಅದೇ ಸರ್ವಸ್ವ. ಅಭಿಮಾನಿ ಹೇಳುವುದು ಇಷ್ಟನ್ನೇ.

2023ರಲ್ಲಿ ಏನಾಯಿತು? ಜುಲೈ 31ಕ್ಕೆ ಮತ್ತೆ ಕ್ಲೋಸರ್‌ನನ್ನೇ ಕೊಟ್ಟರು. ಪಾಲ್ ಸೀವಾಲ್ಡ್ ಅರಿಜೋನಾಗೆ ಹೋದ, ಮೂವರು ಆಟಗಾರರು ಬಂದರು. ಅರಿಜೋನಾ 84 ಗೆದ್ದು ಪ್ಲೇಆಫ್‌ಗೆ ನುಸುಳಿ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಅಲ್ಲಿ ಗೆದ್ದದ್ದು ಟೆಕ್ಸಾಸ್. ನಮ್ಮದೇ ಡಿವಿಷನ್ನಿನ ತಂಡ, ಡೆಡ್‌ಲೈನ್‌ನಲ್ಲಿ ಷೆರ್ಜರ್ ಮತ್ತು ಮಾಂಟ್‌ಗೊಮರಿ ಅನ್ನುವ ಪಿಚರ್‌ಗಳನ್ನು ತಂದ ತಂಡ. 88 ಗೆದ್ದ ಸಿಯಾಟಲ್ ಮನೆಯಲ್ಲಿ ಕೂತು ಟಿವಿ ನೋಡಿತು.

ತಂಡ ಹೊರಬಿದ್ದ ರಾತ್ರಿ ಕ್ಯಾಚರ್ ಕ್ಯಾಲ್ ರ‍್ಯಾಲಿ ಬಾಯಿಬಿಟ್ಟು ಹೇಳಿದ. ಗೆಲ್ಲಬೇಕು ಅಂದರೆ ಮ್ಯಾನೇಜ್‌ಮೆಂಟ್ ಮನಸ್ಸು ಮಾಡಬೇಕು, ದೊಡ್ಡ ಆಟಗಾರರನ್ನು ತರಬೇಕು ಅನ್ನುವ ಅರ್ಥದಲ್ಲಿ. ಹಿಂದಿನ ವರ್ಷ ಒಂದೇ ಹೊಡೆತದಿಂದ 21 ವರ್ಷದ ಬರ ಮುಗಿಸಿದವನು ಅವನೇ. ಅವನಿಗಿಲ್ಲದ ಹಕ್ಕು ಯಾರಿಗಿದೆ? ಆದರೂ ಮಾರನೇ ದಿನ ಕ್ಷಮೆ ಕೇಳಿದ. ಅದಾದ ಕೆಲವೇ ದಿನಕ್ಕೆ ತಂಡದ ಬೇಸ್‌ಬಾಲ್ ವಿಭಾಗದ ಮುಖ್ಯಸ್ಥ ಜೆರ‍್ರಿ ಡಿಪೋಟೊ ಪತ್ರಿಕೆಯವರ ಮುಂದೆ ಕೂತರು. ಹತ್ತು ವರ್ಷದ ಅವಧಿಯಲ್ಲಿ ನೂರಕ್ಕೆ 54ರಷ್ಟು ಪಂದ್ಯ ಗೆಲ್ಲುತ್ತಾ ಹೋಗುವುದು ಗುರಿ ಅಂದರು. ಈ ವರ್ಷವೇ ಗೆಲ್ಲಬೇಕು ಅಂತ ಹೊರಟರೆ ಆಮೇಲೆ ಹತ್ತು ವರ್ಷ ಕೆಸರಿನಲ್ಲಿ ಬಿದ್ದಿರಬೇಕಾದೀತು, ತಾಳ್ಮೆ ಕೇಳುತ್ತಿರುವುದು ಅಭಿಮಾನಿಗಳಿಗೆ ಮಾಡುತ್ತಿರುವ ಉಪಕಾರ ಅನ್ನುವ ಅರ್ಥದ ಮಾತೂ ಬಂತು. ಆಮೇಲೆ ಅವರೂ ಕ್ಷಮೆ ಕೇಳಿದರು. 162ಕ್ಕೆ 54ರ ಲೆಕ್ಕ ಹಾಕಿ ನೋಡಿ. 88ರ ಹತ್ತಿರ ಬರುತ್ತದೆ. ಅಂದರೆ ಗುರಿ ಮುಟ್ಟಿದ್ದರು. ಗುರಿ ಮುಟ್ಟಿಯೂ ಅಕ್ಟೋಬರ್‌ನಲ್ಲಿ ಆಟ ಇರಲಿಲ್ಲ. ಈ ಊರಿನ ಜನಕ್ಕೆ ಆ ಮಾತು ಅಷ್ಟು ಚುಚ್ಚಿದ್ದು ಅದಕ್ಕೇ.

ಈ ತಂಡ ಧೈರ್ಯ ಮಾಡಿದ್ದೇ ಇಲ್ಲವಾ? ಮಾಡಿದೆ. ಮಾಡಿದಾಗಲೆಲ್ಲ ಏನಾಯಿತು ನೋಡಿ. 2022ರ ಜುಲೈ ಕೊನೆಗೆ ಸಿನ್ಸಿನಾಟಿಯಿಂದ ಪಿಚರ್ ಲೂಯಿಸ್ ಕಸ್ಟಿಯೊ ಬಂದ. ನೊಯೆಲ್ವಿ ಮಾರ್ಟೆ, ಎಡ್ವಿನ್ ಅರೋಯೊ ಸೇರಿ ನಾಲ್ಕು ಹುಡುಗರನ್ನು ಕೊಟ್ಟರು. ಮೊದಲಿಬ್ಬರು ತಂಡದ ಅತಿ ದೊಡ್ಡ ಪ್ರಾಸ್ಪೆಕ್ಟ್‌ಗಳ ಸಾಲಿನವರು. ಆ ವರ್ಷ ಪ್ಲೇಆಫ್. ಟೊರಾಂಟೊದಲ್ಲಿ ಮೊದಲ ಪಂದ್ಯಕ್ಕೆ ಕಸ್ಟಿಯೊ ಒಂದೂ ರನ್ ಕೊಡದೆ ಎಂಟನೇ ಇನಿಂಗ್ಸ್‌ವರೆಗೆ ಎಸೆದ. ಐದು ವರ್ಷದ ಒಪ್ಪಂದಕ್ಕೂ ಸಹಿ ಹಾಕಿದ. 2024ರಲ್ಲಿ ಅರೋಸರೇನಾ, ಜಸ್ಟಿನ್ ಟರ್ನರ್ ಅನ್ನುವ ಬ್ಯಾಟರ್‌ಗಳು ಬಂದರು. ಸಾಲಲಿಲ್ಲ. ಜೂನ್‌ನಲ್ಲಿ ಹತ್ತು ಪಂದ್ಯ ಮುಂದಿದ್ದ ತಂಡ ಅದನ್ನೆಲ್ಲ ಒಂದೇ ತಿಂಗಳಲ್ಲಿ ಕರಗಿಸಿಕೊಂಡಿತ್ತು. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಖರ್ಚು ಇಳಿಸಿಕೊಂಡು ಯುಹೇನಿಯೊ ಸುವಾರೆಸ್‌ನನ್ನು ಕಳಿಸಿದ್ದೂ ಒಂದು ಕಾರಣ ಅಂತ ನನ್ನ ಎಣಿಕೆ.

ಅದೇ ಸುವಾರೆಸ್‌ನನ್ನು 2025ರ ಜುಲೈನಲ್ಲಿ ವಾಪಸ್ ತಂದರು. ಅದಕ್ಕೆ ಒಂದು ವಾರ ಮುಂಚೆ ಜಾಶ್ ನೇಲರ್. ನೇಲರ್ ದಪ್ಪ ಮೈಯ ಮನುಷ್ಯ. ಲೀಗ್‌ನ ಅತಿ ನಿಧಾನ ಓಟಗಾರರಲ್ಲಿ ಒಬ್ಬ. ಅವನು ಇಲ್ಲಿ ಆಡಿದ 54 ಪಂದ್ಯದಲ್ಲಿ 19 ಬೇಸ್ ಕದ್ದ (ಪಿಚರ್ ಎಸೆಯುವ ಹೊತ್ತಿಗೇ ಮುಂದಿನ ಬೇಸ್‌ಗೆ ಓಡಿಬಿಡುವುದು), ಒಂದು ಸಲವೂ ಸಿಕ್ಕಿಬೀಳಲಿಲ್ಲ. ಪಿಚರ್‌ನ ಕಾಲು ಭುಜ ಓದಿಕೊಂಡು, ಸರಿಯಾದ ಕ್ಷಣಕ್ಕೆ ಹೊರಡುತ್ತಿದ್ದ. ಪ್ರತಿ ಸಲವೂ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ಇಂಥ ಖುಷಿ ಯಾವ ಪ್ರಾಸ್ಪೆಕ್ಟ್ ಪಟ್ಟಿಯಲ್ಲಿ ಸಿಗುತ್ತದೆ ಹೇಳಿ? ತಂಡ 90 ಗೆದ್ದಿತು, 2001ರ ಮೇಲೆ ಮೊದಲ ಸಲ ಡಿವಿಷನ್ ಗೆದ್ದಿತು. ರ‍್ಯಾಲಿ 60 ಹೋಂ ರನ್ ಹೊಡೆದ. ಲೀಗ್ ಫೈನಲ್‌ನ ಐದನೇ ಪಂದ್ಯದಲ್ಲಿ, ಇಲ್ಲೇ, ಎಂಟನೇ ಇನಿಂಗ್ಸ್‌ನಲ್ಲಿ ಸುವಾರೆಸ್‌ನ ಗ್ರ್ಯಾಂಡ್ ಸ್ಲ್ಯಾಮ್. ವರ್ಲ್ಡ್ ಸೀರೀಸ್‌ಗೆ ಒಂದೇ ಗೆಲುವು ಬಾಕಿ. ಅಷ್ಟು ಹತ್ತಿರ ಈ ತಂಡ ಯಾವತ್ತೂ ಹೋಗಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಏಳನೇ ಪಂದ್ಯ, ಟೊರಾಂಟೊ, ಏಳನೇ ಇನಿಂಗ್ಸ್, ಸ್ಪ್ರಿಂಗರ್‌ನ ಮೂರು ರನ್ ಹೊಡೆತ. 4-3. ಪಿಚರ್ ಬದಲಾವಣೆ ಬಗ್ಗೆ ಜನ ಇನ್ನೂ ಜಗಳ ಆಡುತ್ತಾರೆ. ನನ್ನ ಕಣ್ಣು ಹೋಗುವುದು ಜುಲೈ ಕಡೆಗೆ. ಆ ಡೆಡ್‌ಲೈನ್‌ನಲ್ಲಿ ಬ್ಯಾಟು ಎರಡು ತಂದರು, ಕೊನೆ ಇನಿಂಗ್ಸ್‌ಗಳನ್ನು ಎಸೆಯಲು ತಂದದ್ದು ಕೇಲಬ್ ಫರ್ಗುಸನ್ ಒಬ್ಬನನ್ನೇ. ಅಕ್ಟೋಬರ್‌ನ ಎರಡನೇ ವಾರದ ಹೊತ್ತಿಗೆ ನಂಬುವಂಥ ಕೈಗಳೆಲ್ಲ ದಣಿದಿದ್ದವು. ಇನ್ನೊಬ್ಬ ಗಟ್ಟಿ ರಿಲೀವರ್ (ಮಧ್ಯದಲ್ಲಿ ಬಂದು ಎಸೆಯುವ ಪಿಚರ್) ಇದ್ದಿದ್ದರೆ ಆ ಚೆಂಡು ಎಸೆಯುವವನು ಬೇರೆ ಯಾರೋ ಆಗಿರಬಹುದಿತ್ತು. ಹೋಂ ರನ್ ಕೊಟ್ಟ ಬಜಾರ್ಡೊ ವರ್ಷವಿಡೀ ತಂಡವನ್ನು ಕಾಪಾಡಿದವನು, ಅವನನ್ನು ಬೈಯುವುದು ಅನ್ಯಾಯ.

ಸಭೆಯಲ್ಲಿ ಕೊನೆಗೆ ಒಬ್ಬರು ಕೇಳಿದರು: ಹಾಗಾದರೆ ಈ ಜುಲೈನಲ್ಲಿ ಕೋಲ್ಟ್ ಎಮರ್ಸನ್‌ನನ್ನು ಕೊಡಬೇಕು ಅಂತೀರಾ? ಬೇಡ. ಅವನು ಈ ತಂಡದ ಎಳೆಯರಲ್ಲೇ ಮೇಲಿನವನು, ಅವನನ್ನು ಇಟ್ಟುಕೊಳ್ಳಲಿ ಅನ್ನುವವರಲ್ಲಿ ನಾನೂ ಒಬ್ಬ. ಇದ್ದಬದ್ದದ್ದನ್ನೆಲ್ಲ ಮಾರಿ ಅಂತ ಯಾವ ಅಭಿಮಾನಿಯೂ ಕೇಳುತ್ತಿಲ್ಲ. 2025ರಲ್ಲಿ ಎಮರ್ಸನ್‌ನನ್ನು ಮುಟ್ಟದೆಯೇ ಇಬ್ಬರನ್ನು ತಂದರಲ್ಲ. ನೇಲರ್ ಐದು ವರ್ಷಕ್ಕೆ ಇಲ್ಲೇ ಉಳಿದ, ಬಾಡಿಗೆಗೆ ಬಂದವನು ಮನೆಯವನಾದ. ಆದರೆ ಪಟ್ಟಿಯಲ್ಲಿ ಐದನೆಯವನೋ ಏಳನೆಯವನೋ ಆದ ಹುಡುಗನ ವಿಷಯಕ್ಕೆ ಮೂರು ಗಂಟೆಯವರೆಗೆ ಚೌಕಾಸಿ ಮಾಡಿ, ಆಮೇಲೆ ಬೆಲೆ ಜಾಸ್ತಿ ಆಯಿತು ಅಂತ ಎದ್ದು ಬರಬೇಡಿ ಅಂತ ಹೇಳುತ್ತೇನೆ. ಲೋಗನ್ ಗಿಲ್ಬರ್ಟ್ ಮೇಲೆ ತಂಡದ ಹಕ್ಕು ಇರುವುದು 2027ರವರೆಗೆ, ಜಾರ್ಜ್ ಕರ್ಬಿ ಮೇಲೆ 2028ರವರೆಗೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, 2027ರ ಸೀಸನ್ ಸರಿಯಾಗಿ ನಡೆಯುತ್ತದೆ ಅಂತ ಭರವಸೆ ಕೊಡುವವರು ಯಾರೂ ಇಲ್ಲ. ಹಾಗಾಗಿ ಈ ಪಿಚರ್‌ಗಳೆಲ್ಲ ಒಟ್ಟಿಗೆ ಇರುವ ಜುಲೈಗಳು ಹೆಚ್ಚೆಂದರೆ ಎರಡು, ಖಂಡಿತ ಅನ್ನಬಹುದಾದದ್ದು ಒಂದು.